ನೆತ್ತರಿನ ದಾರಿ

ನರ್ಸಿಂಗ್ ಶಾಲೆಗೆ ಸೇರಲಿರುವ ನೆರೆಮನೆಯ ಹುಡುಗಿ ಮೊನ್ನೆ, “ಮೇಷ್ಟ್ರೇ, ಕ್ಯಾಪಿಲರಿಗೆ ಕನ್ನಡವೇನು?” ಎಂದಳು. “ಲೋಮನಾಳ, ಲೋಮವೆಂದರೆ ಕೂದಲು” ಎಂದೆ. ಆ ಮಾತಿನ ಹಿಂದೆ ಒಂದು ಕಥೆಯುಂಟು.

ಉಂಡ ಅನ್ನ ಯಕೃತ್ತಿನಲ್ಲಿ ನೆತ್ತರಾಗಿ ಅಂಗಾಂಗಗಳಲ್ಲಿ ತೀರಿಹೋಗುತ್ತದೆಂದು ಎರಡನೆಯ ಶತಮಾನದ ಗೇಲನ್ ಹೇಳಿದ್ದ. ಯೂರೋಪು ಅದನ್ನು ಶತಮಾನಗಳ ಕಾಲ ನಂಬಿತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಲೆಕ್ಕ ಹಾಕಿದ. ಗುಂಡಿಗೆ ಅರ್ಧ ಗಂಟೆಯಲ್ಲಿ ಹೊರದೂಡುವ ನೆತ್ತರು ಇಡೀ ಮೈಯಲ್ಲಿರುವುದಕ್ಕಿಂತ ಹೆಚ್ಚು. ಅಷ್ಟನ್ನು ಯಾವ ಊಟ ಒದಗಿಸೀತು? ಇದ್ದ ನೆತ್ತರೇ ಸುತ್ತಿ ಬರುತ್ತದೆಂದು 1628ರಲ್ಲಿ ಸಾರಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿಯನ್ನು ಕಾಣದೆಯೇ 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ಮಾಲ್ಪೀಗಿಗೆ, ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಆ ಕೂದಲೆಳೆಯ ನಾಳಗಳು ಕಂಡವು.

ಹುಡುಗಿ ತನ್ನ ನಾಡಿಯನ್ನೇ ಮುಟ್ಟಿ ನೋಡಿಕೊಂಡಳು. ನಾಳೆ ರೋಗಿಯ ಕೈ ಹಿಡಿದಾಗಲೂ ಹಾರ್ವೆಯ ಲೆಕ್ಕ ಅವಳಿಗೆ ನೆನಪಿರಲಿ.