ಹಾಲುಬಣ್ಣದ ಸೀರಮ್

ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ (ಎನ್‌ಐಸಿಯು) ಬಂದ ಪುಟ್ಟ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದಾಗ ಮೇಲೆ ನಿಲ್ಲುವ ಸೀರಮ್ ತಿಳಿ ಹಳದಿಯಾಗಿರಬೇಕು. ಕೆಲವೊಮ್ಮೆ ಅದು ನೀರು ಬೆರೆಸಿದ ಹಾಲಿನಂತೆ ಬೆಳ್ಳಗಿರುತ್ತದೆ. ಆಗ ಲ್ಯಾಬಿನವರು ವಾರ್ಡಿಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು: “ಮಗುವಿಗೆ ಲಿಪಿಡ್ ಹೋಗ್ತಾ ಇದೆಯಾ ಸಿಸ್ಟರ್?” ನಾಳದ ಮೂಲಕ ಕೊಡುವ ಕೊಬ್ಬಿನ ಡ್ರಿಪ್ಪಿಗೆ ಅಲ್ಲಿ ಲಿಪಿಡ್ ಎನ್ನುತ್ತಾರೆ. ಹೌದು ಎಂದರೆ ಬಿಳುಪಿಗೆ ಕಾರಣ ಸಿಕ್ಕಿತು ಎಂದು ಸುಮ್ಮನಾಗುತ್ತಾರೆ. ಆದರೆ ನಿನ್ನೆಯೂ ಅಷ್ಟೇ ಲಿಪಿಡ್ ಹೋಗಿತ್ತು, ನಿನ್ನೆಯ ಸೀರಮ್ ತಿಳಿಯಾಗಿಯೇ ಇತ್ತು ಎಂದಾದರೆ? ನಂಜಿಗೂ (ಸೆಪ್ಸಿಸ್) ರಕ್ತದ ಕೊಬ್ಬಿಗೂ ಇರುವ ನಂಟಿನ ಬಗ್ಗೆ ಅರ್ಧ ಶತಮಾನದಿಂದ ನಡೆದಿರುವ ಹುಡುಕಾಟಕ್ಕೆ ಈ ಎರಡನೆಯ ಪ್ರಶ್ನೆಯೇ ತಿರುಳು.

ಹುಡುಕಾಟ ಶುರುವಾದದ್ದು ದೊಡ್ಡವರಿಂದ. 1969ರಲ್ಲಿ ಗ್ಯಾಲಿನ್, ಕೇ ಮತ್ತು ಓ'ಲಿಯರಿ ಸೋಂಕು ತಗುಲಿದವರ ಸೀರಮ್ ಕೊಬ್ಬನ್ನು ಅಳೆದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಹೊಕ್ಕವರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದ್ದು ಎದ್ದು ಕಾಣುತ್ತಿತ್ತು. ಏಕೆ ಏರುತ್ತದೆ ಎನ್ನುವುದಕ್ಕೆ ಸುಳಿವು ಕೊಟ್ಟದ್ದು ಮೊಲ. ರಾಕ್‌ಫೆಲರ್ ವಿಶ್ವವಿದ್ಯಾಲಯದ ಕ್ಯಾರೊಲ್ ರೌಜರ್ ಮತ್ತು ಆಂಥೊನಿ ಸೆರಾಮಿ 1980ರಲ್ಲಿ ಟ್ರಿಪನೊಸೋಮ ಎಂಬ ಪರೋಪಜೀವಿ ತಗುಲಿದ ಮೊಲಗಳನ್ನು ಗಮನಿಸಿದರು. ಮೊಲ ದಿನೇ ದಿನೇ ಬಡಕಲಾಗುತ್ತಿತ್ತು, ಅದರ ರಕ್ತದಲ್ಲಿ ಮಾತ್ರ ಕೊಬ್ಬು ತುಂಬಿತ್ತು. ಮಂಡಿಯ ಮುಂದೆ ಮೂಟೆ ತುಂಬಿದ ಲಾರಿಗಳು ಸಾಲಾಗಿ ನಿಂತಿವೆ, ಇಳಿಸಲು ಹಮಾಲಿಗಳೇ ಇಲ್ಲ, ಅಂಥ ಸ್ಥಿತಿ. ಇಲ್ಲಿ ಹಮಾಲಿ ಎಂದರೆ ಲೋಮನಾಳದ ಗೋಡೆಗಂಟಿ ಕೂತಿರುವ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಅದರ ಕೈ ಕಟ್ಟಿಹಾಕುವ ವಸ್ತುವಿಗೆ ಸೆರಾಮಿ ತಂಡ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟಿತು. ಗಡ್ಡೆಗಳನ್ನು ಕೊಲ್ಲುತ್ತದೆಂದು ಬೇರೆಯವರು ಬೆನ್ನು ಹತ್ತಿದ್ದ ಟಿಎನ್‌ಎಫ್ ಕೂಡ ಇದೇ ಎಂದು 1985ರಲ್ಲಿ ಗೊತ್ತಾಯಿತು.

ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಹಮಾಲಿಗಳು ಮೊದಲೇ ಕಡಿಮೆ. ಮೂಟೆ ಇಳಿಸಿಡುವ ಜಾಗವೂ ಕಡಿಮೆ: ಮೈಕೊಬ್ಬು ಕೂಡುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ, ಆ ಹೊತ್ತಿಗೆ ಈ ಮಗು ಹೊರಗೆ ಬಂದಾಗಿದೆ. ಕೊಲೆಸ್ಟ್ರಾಲ್ ಅಂತೂ ಯಾವ ನವಜಾತ ಶಿಶುವಿನಲ್ಲೂ ಕಡಿಮೆಯೇ: ಹೊಕ್ಕುಳಬಳ್ಳಿಯ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 70 ಮಿಲಿಗ್ರಾಂ, ದೊಡ್ಡವರಲ್ಲಿರುವುದರ ಅರ್ಧವೂ ಅಲ್ಲ. ಇಂಥ ಮಗುವಿನ ನಾಳಕ್ಕೆ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಸೋಯಾ ಎಣ್ಣೆಯ ಡ್ರಿಪ್ ಬಂತು. ಮೊಟ್ಟೆಯ ಫಾಸ್ಫೊಲಿಪಿಡ್ ಬೆರೆಸಿ ಎಣ್ಣೆಯನ್ನು ನೀರಿನಲ್ಲಿ ನಿಲ್ಲಿಸಿದ ಆ ದ್ರಾವಣ ಇಲ್ಲದಿದ್ದರೆ ಎಷ್ಟೋ ಕೂಸುಗಳು ಉಳಿಯುತ್ತಿರಲಿಲ್ಲ. ತೊಡಕೂ ಅಲ್ಲಿಂದಲೇ ಶುರು. 1986ರಲ್ಲಿ ಪಾರ್ಕ್ ಮತ್ತು ಸಂಗಡಿಗರು, ನಂಜೇರಿದ ಕಡಿಮೆ ತೂಕದ ಶಿಶುಗಳ ಮೈ ಹೀಗೆ ಕೊಟ್ಟ ಕೊಬ್ಬನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ ಎಂದು ತೋರಿಸಿದರು.

1990 ಈ ಕಥೆಯ ವಿಚಿತ್ರ ವರ್ಷ. ಫ್ರೀಮನ್ ತಂಡ ಲಿಪಿಡ್ ಡ್ರಿಪ್ಪನ್ನೇ ಕಟಕಟೆಗೆ ತಂದಿತು: ಕೊಯಾಗ್ಯುಲೇಸ್ ನೆಗೆಟಿವ್ ಸ್ಟಾಫಿಲೊಕಾಕಸ್ ರಕ್ತ ಸೇರುವುದಕ್ಕೂ ಆ ಡ್ರಿಪ್ಪಿಗೂ ಗಾಢ ನಂಟಿದೆ ಎಂದಿತು. ಅದೇ ವರ್ಷ ಹ್ಯಾರಿಸ್, ಗ್ರುನ್‌ಫೆಲ್ಡ್, ಫೈನ್‌ಗೋಲ್ಡ್ ಮತ್ತು ರ‍್ಯಾಪ್, ಇಲಿಗಳಿಗೆ ಮನುಷ್ಯರ ರಕ್ತದ ಟ್ರೈಗ್ಲಿಸರೈಡ್ ತುಂಬಿದ ಕಣಗಳನ್ನು ಕೊಟ್ಟರೆ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ವಿಷದಿಂದ ಅವು ಬದುಕುಳಿಯುತ್ತವೆ ಎಂದು ತೋರಿಸಿದರು. ಒಬ್ಬರಿಗೆ ಕೊಬ್ಬು ಆರೋಪಿ, ಇನ್ನೊಬ್ಬರಿಗೆ ಕಾವಲುಗಾರ. 1995ರಲ್ಲಿ ಟೋಸ್ ಮತ್ತು ಕೀನನ್ ಮತ್ತೊಂದು ಮಾತು ಸೇರಿಸಿದರು: ಲಿಪಿಡ್ ಒಗ್ಗದಿರುವುದಕ್ಕೆ ಯಕೃತ್ತಿನ ತೊಂದರೆಯೊಂದಿಗೆ ನಂಟು ಕಂಡಿತು, ಸೋಂಕಿನೊಂದಿಗೆ ಕಾಣಲಿಲ್ಲ. ನನ್ನ ಮಟ್ಟಿಗೆ ಟ್ರೈಗ್ಲಿಸರೈಡ್ ನಂಜಿನ ‘ಟೆಸ್ಟ್’ ಆಗದೆ ಉಳಿದದ್ದು ಇಂಥ ಗೊಂದಲಗಳಿಂದಲೇ. ಡ್ರಿಪ್ಪಿನ ಕೊಬ್ಬು, ಯಕೃತ್ತು ಹೊರಬಿಟ್ಟ ಕೊಬ್ಬು, ಇಳಿಯದೆ ನಿಂತ ಕೊಬ್ಬು, ಮೂರೂ ಸೇರಿ ರಿಪೋರ್ಟಿನಲ್ಲಿ ಒಂದೇ ಸಂಖ್ಯೆಯಾಗಿ ಬರುತ್ತವೆ.

ಫ್ರೀಮನ್ ತಂಡದ ಮಾತನ್ನು ನಮ್ಮ ವಾರ್ಡುಗಳಿಗೆ ಹಾಗೆಯೇ ತರುವಂತಿಲ್ಲ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಡೆನಿಸ್ ಅಧ್ಯಯನದಲ್ಲಿ ಶಿಶುಗಳ ರಕ್ತದಿಂದ ಬೆಳೆದ ಬ್ಯಾಕ್ಟೀರಿಯಾಗಳ ಪೈಕಿ ಅಸಿನೆಟೊಬ್ಯಾಕ್ಟರ್ 22%, ಕ್ಲೆಬ್ಸಿಯೆಲ್ಲ 17%, ಇ. ಕೋಲಿ 14%. ಮೂರೂ ಗ್ರಾಮ್ ನೆಗೆಟಿವ್, ಫ್ರೀಮನ್ ತಂಡದ ಸ್ಟಾಫಿಲೊಕಾಕಸ್ ಹಾಗಲ್ಲ. 1969ರ ಆ ಹಳೆಯ ಲೇಖನಕ್ಕೆ ಇಲ್ಲಿ ಇನ್ನೂ ಕೆಲಸವಿದೆ.

ಇನ್ನೊಂದು ಪಾಠವೂ ದೊಡ್ಡವರಿಂದ ಬಂದು ಮಕ್ಕಳಲ್ಲಿ ತಲೆಕೆಳಗಾಯಿತು. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಕುಗ್ಗಿದರೆ ಯಕೃತ್ತು ಎಲ್‌ಡಿಎಲ್ ಕೊಲೆಸ್ಟ್ರಾಲ್ ಜೊತೆಗೆ ಬ್ಯಾಕ್ಟೀರಿಯಾದ ವಿಷವನ್ನೂ ಬೇಗ ಹೀರಿಕೊಳ್ಳುತ್ತದೆ, ರೋಗಿಗೆ ಒಳ್ಳೆಯದಾಗುತ್ತದೆ ಎಂದು 2014ರಲ್ಲಿ ವಾಲಿ ತಂಡ ಹೇಳಿತ್ತು. 2020ರಲ್ಲಿ ಆತ್ರೇಯ ತಂಡ ಸೆಪ್ಟಿಕ್ ಶಾಕ್‌ಗೆ ಒಳಗಾದ ಮಕ್ಕಳಲ್ಲಿ ನೋಡಿದಾಗ ಅದೇ ಕೊರತೆಯಿಂದ ಕೆಡುಕಾಗುವುದು ಕಂಡಿತು.

ಟ್ರೈಗ್ಲಿಸರೈಡಿನ ವಿಷಯದಲ್ಲಿ ಈಗ ಬಳಕೆಯಲ್ಲಿರುವುದು ಡ್ರಿಪ್ಪಿನ ವೇಗ ನಿರ್ಧರಿಸಲು ನೆರವಾಗುವ ಒಂದು ಗಡಿ. 2018ರ ಯುರೋಪಿನ ಮಾರ್ಗಸೂಚಿಯಂತೆ ಶಿಶುವಿನಲ್ಲಿ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 265 ಮಿಲಿಗ್ರಾಂ ದಾಟಿದರೆ ಲಿಪಿಡ್ ತಗ್ಗಿಸುವ ಯೋಚನೆ ಮಾಡಬೇಕು. ಹಾಗೆಂದು ಪದೇ ಪದೇ ಅಳೆಯುವಂತೆಯೂ ಇಲ್ಲ. ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ 80–90 ಮಿಲಿಲೀಟರ್, ಒಂದು ಪುಟ್ಟ ಕಾಫಿ ಲೋಟ. ಹಾಗಾಗಿ ಕೂಸು ಮಂಕಾಗಿ, ಮೈ ತಣ್ಣಗಾಗಿ, ಹಾಲು ಬಿಟ್ಟ ದಿನ ನರ್ಸ್ ತೆಗೆಯುವ ಮೊದಲ ಒಂದು ಮಿಲಿಲೀಟರ್ ಕಲ್ಚರ್ ಬಾಟಲಿಗೆ ಹೋಗುತ್ತದೆ, ಫಲಿತಾಂಶಕ್ಕೆ ಕಾಯದೆ ಆಂಟಿಬಯಾಟಿಕ್ ಶುರುವಾಗುತ್ತದೆ. ಟ್ರೈಗ್ಲಿಸರೈಡಿಗೆ ಉಳಿಯುವುದು ನಾಲ್ಕಾರು ಹನಿ.