ಸೋಲಿನ ಸಾಲು ಮತ್ತು ಆಟದ ನೆಲ: ಕಿರಿಯರ ಹಾಕಿಯ ಇತಿಹಾಸದಲ್ಲಿ ಕರ್ನಾಟಕ

ಕ್ರೀಡೆಯ ಇತಿಹಾಸವನ್ನು ಗೆದ್ದವರ ಪಟ್ಟಿಯಾಗಿ ಬರೆಯುವ ರೂಢಿಯೇ ಹೆಚ್ಚಾಗಿರುವುದರಿಂದ, ಒಂದು ತಂಡ ಮೇಲಿಂದ ಮೇಲೆ ಸೋತ ವರ್ಷಗಳು ಆ ಪಟ್ಟಿಯಲ್ಲಿ ಬರಿಯ ಖಾಲಿ ಜಾಗಗಳಾಗಿ ಉಳಿಯುತ್ತವೆ. ಆದರೆ ಒಂದು ಆಟ ಯಾವ ನೆಲದ ಮೇಲೆ ಬೆಳೆಯಿತು, ಅದನ್ನು ಕಲಿಸುವ ಹೊಣೆಯನ್ನು ಯಾರು ಹೊತ್ತರು, ಸೋತ ಹುಡುಗರನ್ನು ಸಮಾಜ ಹೇಗೆ ನಡೆಸಿಕೊಂಡಿತು ಎಂಬ ಪ್ರಶ್ನೆಗಳಿಗೆ ಗೆಲುವಿನ ವರ್ಷಗಳಿಗಿಂತ ಸೋಲಿನ ವರ್ಷಗಳೇ ಹೆಚ್ಚು ಸ್ಪಷ್ಟವಾಗಿ ಉತ್ತರ ಕೊಡುತ್ತವೆ. ಭಾರತದ ಹಾಕಿ, ಅದರಲ್ಲಿಯೂ ಇಪ್ಪತ್ತೊಂದು ವರ್ಷದೊಳಗಿನವರ ಕಿರಿಯರ ಹಾಕಿ, ಇಂಥ ಒಂದು ದೀರ್ಘ ಸೋಲಿನ ಕಾಲವನ್ನು ದಾಟಿ ಬಂದಿದೆ. ಆ ದಾರಿಯ ಬಹುಭಾಗದಲ್ಲಿ ಕರ್ನಾಟಕದ, ವಿಶೇಷವಾಗಿ ಕೊಡಗಿನ, ಆಟಗಾರರು ಜೊತೆಗಿದ್ದ ಕಾರಣ ಈ ಕಥನ ನಾಡಿನ ಸಾಮಾಜಿಕ ಚರಿತ್ರೆಗೂ ಸೇರುತ್ತದೆ.

1834ರಲ್ಲಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟು 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನವಾದ ಕೊಡಗಿನಲ್ಲಿ ಹಾಕಿ ಬೇರೂರಿದ್ದು ಮುಖ್ಯವಾಗಿ ಸೈನ್ಯದ ಮೂಲಕ. ಸೇನೆಗೆ ಸೇರುವುದನ್ನು ಗೌರವದ ವೃತ್ತಿಯಾಗಿ ಕಂಡ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ಈ ನಾಡಿನಲ್ಲಿ, ದಂಡಿನಲ್ಲಿ ಕಲಿತ ಆಟವು ರಜೆಗೆ ಬಂದವರೊಡನೆ ಮತ್ತು ನಿವೃತ್ತರಾಗಿ ಮರಳಿದವರೊಡನೆ ಊರಿನ ಬಯಲಿಗೂ ಶಾಲೆಯ ಅಂಗಳಕ್ಕೂ ಇಳಿಯಿತು. ಕೊಡವರ ಸಮಾಜ ಒಂದೇ ಮೂಲಪುರುಷನಿಂದ ಬಂದ ಮನೆತನಗಳಾಗಿ ಸಂಘಟಿತವಾಗಿದ್ದು, ಇಂಥ ಮನೆತನವನ್ನು ಒಕ್ಕವೆಂದೂ ಅದರ ಮೂಲ ಮನೆಯನ್ನು ಐನ್‌ಮನೆಯೆಂದೂ ಕರೆಯುತ್ತಾರೆ. ಮುಂದೆ ಈ ಒಕ್ಕವೇ ಹಾಕಿ ತಂಡದ ಘಟಕವಾದದ್ದು ಕೊಡಗಿನ ಆಟಕ್ಕೆ ಬೇರೆಡೆ ಕಾಣದ ಒಂದು ಸ್ವರೂಪವನ್ನು ಕೊಟ್ಟಿತು.

ಭಾರತ ತಂಡವು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಿಂದ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ವರೆಗೆ ಸತತ ಆರು ಚಿನ್ನದ ಪದಕಗಳನ್ನು ಗೆದ್ದು, 1960ರಲ್ಲಿ ರೋಮ್‌ನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನಕ್ಕೆ 0–1ರಿಂದ ಸೋತ ಮೇಲೆಯೂ ಪ್ರಬಲ ತಂಡವಾಗಿಯೇ ಉಳಿದಿತ್ತು. 1970ರ ದಶಕದ ಆರಂಭದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಗಣೇಶ್ ನಾಯಕತ್ವದ ತಂಡ ಅಂತಿಮ ಪಂದ್ಯದವರೆಗೆ ಹೋಗಿ ನೆದರ್ಲೆಂಡ್ಸ್ ಎದುರು ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತು ಬೆಳ್ಳಿ ಪಡೆದರೆ, 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಮಣಿಸಿ ವಿಶ್ವಕಪ್ ಎತ್ತಿದ ತಂಡದಲ್ಲಿ ಗೋವಿಂದ ಆಡಿದರು. ಮರುವರ್ಷವೇ ನಡೆದ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶ ಏಳನೆಯ ಸ್ಥಾನಕ್ಕೆ ಇಳಿಯಿತು. ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಆಡಿಸಿದ್ದು ಅಲ್ಲಿಯೇ.

ಆಸ್ಟ್ರೋಟರ್ಫ್ ಎಂಬ ಹೆಸರಿನಿಂದ ಬಳಕೆಗೆ ಬಂದ ಈ ಹಾಸು ನೈಲಾನಿನಂಥ ಕೃತಕ ಎಳೆಗಳಿಂದ ನೇಯ್ದ, ಉಬ್ಬುತಗ್ಗುಗಳಿಲ್ಲದ ನೆಲವಾಗಿದ್ದು, ಆಟಕ್ಕೆ ಮುಂಚೆ ಅದಕ್ಕೆ ನೀರು ಹಾಯಿಸುವ ಪದ್ಧತಿ ಬೆಳೆದ ಮೇಲೆ ಚೆಂಡಿನ ವೇಗ ಇನ್ನಷ್ಟು ಹೆಚ್ಚಿತು. ಸಹಜ ಹುಲ್ಲಿನ ಮೇಲೆ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳಲಾಗದ ಕಾರಣ ಅದನ್ನು ಕೋಲಿನ ಹತ್ತಿರವೇ ಇಟ್ಟುಕೊಂಡು, ಎಡಬಲಕ್ಕೆ ಹೊರಳಿಸುತ್ತ, ಎದುರಾಳಿಯನ್ನು ವಂಚಿಸಿ ಮುಂದೆ ಸಾಗುವ ಡ್ರಿಬ್ಲಿಂಗ್ ಕೌಶಲಕ್ಕೆ ಅಪಾರ ಬೆಲೆಯಿತ್ತು, ಮತ್ತು ಭಾರತ, ಪಾಕಿಸ್ತಾನಗಳ ಹಿರಿಮೆ ನಿಂತಿದ್ದು ಅದರ ಮೇಲೆಯೇ. ಸಮತಟ್ಟಾದ ಹೊಸ ನೆಲದಲ್ಲಿ ದೂರದಿಂದ ಬಲವಾಗಿ ಹೊಡೆದ ಚೆಂಡೂ ಹೇಳಿದ ಜಾಗಕ್ಕೆ ಹೋಗುವುದರಿಂದ, ಓಟದ ವೇಗ, ದಣಿಯದ ದೇಹಶಕ್ತಿ ಮತ್ತು ಯೋಜಿತ ಪಾಸ್‌ಗಳು ಮುಂದೆ ಬಂದವು. ಎದುರಾಳಿಗಳು ಗೋಲಿನ ಮುಂದಿನ ಅರ್ಧವೃತ್ತದೊಳಗೆ ತಪ್ಪೆಸಗಿದಾಗ ದೊರೆಯುವ ಪೆನಾಲ್ಟಿ ಕಾರ್ನರ್, ಅಂದರೆ ಹಿಂದಿನ ಗೆರೆಯಿಂದ ತಳ್ಳಿದ ಚೆಂಡನ್ನು ವೃತ್ತದ ಅಂಚಿನಲ್ಲಿ ನಿಲ್ಲಿಸಿ ಗೋಲಿಗೆ ಹೊಡೆಯುವ ಅವಕಾಶ, ಪಂದ್ಯಗಳನ್ನು ನಿರ್ಧರಿಸುವ ಅಸ್ತ್ರವಾಯಿತು. ಕಾಲಕ್ರಮದಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿದಂತೆ ಎಳೆದು ತಂದು ಗೋಲಿನತ್ತ ಎಸೆಯುವ ಡ್ರ್ಯಾಗ್ ಫ್ಲಿಕ್ ಎಂಬ ವಿಶೇಷ ಹೊಡೆತವೂ ಅದಕ್ಕೆ ಜೊತೆಯಾಯಿತು.

ಈ ಬದಲಾವಣೆಯ ಹೊರೆ ಅತಿ ಹೆಚ್ಚು ಬಿದ್ದದ್ದು ಕಿರಿಯರ ಮೇಲೆ. ಹಿರಿಯ ಆಟಗಾರರಿಗೆ ರಾಷ್ಟ್ರೀಯ ಶಿಬಿರದಲ್ಲಾದರೂ ಹೊಸ ನೆಲ ಸಿಗುತ್ತಿತ್ತು, ಆದರೆ ಶಾಲೆಯ ಮಣ್ಣಿನ ಬಯಲಿನಲ್ಲಿ ಆಟ ಕಲಿತ ಹುಡುಗನಿಗೆ, ಹದಿನಾರು ಹದಿನೇಳರ ವಯಸ್ಸಿನಲ್ಲಿ ದೊಡ್ಡ ತಂಡಕ್ಕೆ ಆಯ್ಕೆಯಾಗುವ ತನಕ, ಕೃತಕ ಹಾಸಿನ ಮೇಲೆ ಕಾಲಿಡುವ ಅವಕಾಶವೇ ಅಪರೂಪವಾಗಿತ್ತು. ಆ ವೇಳೆಗೆ ಯುರೋಪಿನ ಮತ್ತು ಆಸ್ಟ್ರೇಲಿಯದ ಮಕ್ಕಳು ತಮ್ಮ ಊರಿನ ಕ್ಲಬ್‌ಗಳಲ್ಲಿ ಅದೇ ನೆಲದ ಮೇಲೆ ಆಟ ಕಲಿಯುತ್ತಿದ್ದರು. ಕೈಗೆ ಒಂದು ಅಭ್ಯಾಸ ಕೂತ ಮೇಲೆ ಅದನ್ನು ಬಿಡಿಸಿ ಮತ್ತೊಂದನ್ನು ಕಲಿಸುವುದು ಮೊದಲಿನಿಂದ ಕಲಿಸುವುದಕ್ಕಿಂತ ಕಷ್ಟವಾದ ಕೆಲಸವೆಂಬುದನ್ನು ತರಬೇತಿಯಲ್ಲಿ ತೊಡಗಿದವರೆಲ್ಲ ಬಲ್ಲರು.

ಹಿರಿಯರ ತಂಡ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದಿತಾದರೂ, ಹಲವು ಪ್ರಮುಖ ತಂಡಗಳು ಬಹಿಷ್ಕಾರದ ಕಾರಣ ಆ ಕೂಟಕ್ಕೆ ಬಂದಿರಲಿಲ್ಲ. ಎರಡೇ ವರ್ಷಗಳಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ, ಪಾಕಿಸ್ತಾನದ ಎದುರು 1–7ರ ಸೋಲು ಬಂತು. ಮಾಸ್ಕೋ ತಂಡದಲ್ಲಿದ್ದ ಕೊಡಗಿನ ಎಂ.ಎಂ. ಸೋಮಯ್ಯ 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ನಾಯಕರಾಗಿ ಹೋದಾಗ ಭಾರತ ಆರನೆಯ ಸ್ಥಾನ ಪಡೆಯಿತು. ಮುಂದಿನ ಒಲಿಂಪಿಕ್ಸ್‌ಗಳಲ್ಲಿ ಏಳು, ಎಂಟು, ಏಳು, ಏಳು ಎಂಬ ಸ್ಥಾನಗಳು ಬಂದು, 2008ರಲ್ಲಿ ಬೀಜಿಂಗ್‌ಗೆ ಅರ್ಹತೆಯೇ ತಪ್ಪಿತು. ಇದರ ನಡುವೆ 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಚಿನ್ನವೊಂದು ಬಂದದ್ದು, ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಟೈಬ್ರೇಕರ್‌ನಲ್ಲಿ ತೋರಿದ ಧೈರ್ಯದಿಂದ.

ಕಿರಿಯರ ವಿಶ್ವಕಪ್ 1979ರಲ್ಲಿ ಫ್ರಾನ್ಸ್‌ನ ವರ್ಸೈಲ್ಸ್‌ನಲ್ಲಿ ಆರಂಭವಾಯಿತು. ಭಾರತ 1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಆಸ್ಟ್ರೇಲಿಯಕ್ಕೆ ಸೋತು ಬೆಳ್ಳಿ ಗೆದ್ದಿತು. 2001ರಲ್ಲಿ ಹೋಬಾರ್ಟ್‌ನಲ್ಲಿ ಅರ್ಜೆಂಟೀನವನ್ನು 6–1ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಪಡೆದಾಗ ಕೊಡಗಿನ ಅರ್ಜುನ್ ಹಾಲಪ್ಪ ಆ ತಂಡದಲ್ಲಿದ್ದರು. ಆ ಗೆಲುವು ಹೊಸ ಯುಗದ ಆರಂಭವೆಂದು ಹಲವರು ನಂಬಿದರಾದರೂ ಅನಂತರ ನಡೆದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಿಯೆ: 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಾಲ್ಕನೆಯ ಸ್ಥಾನ, 2009ರಲ್ಲಿ ಒಂಬತ್ತನೆಯ ಸ್ಥಾನ, 2013ರಲ್ಲಿ ತವರಿನ ದೆಹಲಿಯಲ್ಲಿಯೇ ಹತ್ತನೆಯ ಸ್ಥಾನ. ಒಂದು ಪ್ರತಿಭಾವಂತ ಪೀಳಿಗೆ ಗೆದ್ದುಕೊಟ್ಟ ಕಪ್‌ನ ಹಿಂದೆ ಮುಂದಿನ ಪೀಳಿಗೆಯನ್ನು ಬೆಳೆಸುವ ವ್ಯವಸ್ಥೆ ಇರದಿದ್ದರೆ ಆ ಗೆಲುವು ಆ ಪೀಳಿಗೆಯೊಡನೆಯೇ ಮುಗಿದುಹೋಗುತ್ತದೆ ಎಂಬುದನ್ನು ಈ ಹನ್ನೆರಡು ವರ್ಷಗಳು ತೋರಿಸಿಕೊಟ್ಟವು.

ಹಿರಿಯರ ಹಾಕಿಯಲ್ಲಿ ಸೋಲಿನ ಸಾಲು ತಳ ಮುಟ್ಟಿದ್ದು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ನೆದರ್ಲೆಂಡ್ಸ್, ನ್ಯೂಜಿಲೆಂಡ್, ಜರ್ಮನಿ, ದಕ್ಷಿಣ ಕೊರಿಯ, ಬೆಲ್ಜಿಯಂ ತಂಡಗಳಿಗೆ ಗುಂಪಿನ ಐದೂ ಪಂದ್ಯಗಳನ್ನು ಸೋತ ಭಾರತ, ಹನ್ನೊಂದನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಕ್ಕೂ 2–3ರಿಂದ ಸೋತು ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಬೆಳೆದ ಭರತ್ ಚೆಟ್ರಿ ನಾಯಕರಾಗಿದ್ದ ಆ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಇದ್ದರು. ಆರು ಪಂದ್ಯ ಸೋತ ಇಡೀ ತಂಡವನ್ನು ಬಿಟ್ಟುಹಾಕಿದ್ದರೆ ಮುಂದಿನ ಚರಿತ್ರೆ ಬೇರೆಯಾಗುತ್ತಿತ್ತು. ಹಾಗಾಗದೆ, ಡ್ರ್ಯಾಗ್ ಫ್ಲಿಕ್‌ನಲ್ಲಿ ಪಳಗಿದ ರಘುನಾಥ್ ಮತ್ತು ಮಿಂಚಿನ ಓಟದ ಸುನಿಲ್, ನಿಕ್ಕಿನ್ ತಿಮ್ಮಯ್ಯನವರೊಡನೆ, 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ, ಹದಿನಾರು ವರ್ಷಗಳ ಬಳಿಕ ಚಿನ್ನ ತಂದ ತಂಡದ ಭಾಗವಾದರು.

ಕಿರಿಯರ ಸರದಿ 2016ರಲ್ಲಿ ಬಂತು. ತರಬೇತುದಾರ ಹರೇಂದ್ರ ಸಿಂಗ್ ಅವರ ಕೈಕೆಳಗೆ ಬಹುಕಾಲ ಒಟ್ಟಿಗೆ ಅಭ್ಯಾಸ ಮಾಡಿದ ಗುಂಪು ಲಖನೌದಲ್ಲಿ ಬೆಲ್ಜಿಯಂ ತಂಡವನ್ನು 2–1ರಿಂದ ಸೋಲಿಸಿ, ಹದಿನೈದು ವರ್ಷಗಳ ಅನಂತರ ಕಿರಿಯರ ವಿಶ್ವಕಪ್ ಗೆದ್ದಿತು. ಅಲ್ಲಿ ಆಡಿದ ಹರ್ಮನ್‌ಪ್ರೀತ್ ಸಿಂಗ್, ಸಿಮ್ರನ್‌ಜೀತ್ ಸಿಂಗ್, ಗುರ್ಜಂತ್ ಸಿಂಗ್ ಮೊದಲಾದವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ನಲವತ್ತೊಂದು ವರ್ಷಗಳ ಪದಕದ ಬರವನ್ನು ಕೊನೆಗಾಣಿಸಿದರು. ಕಿರಿಯರ ತಂಡ 2021 ಮತ್ತು 2023ರಲ್ಲಿ ನಾಲ್ಕನೆಯ ಸ್ಥಾನದಲ್ಲಿ ಉಳಿದರೂ, 2009 ಮತ್ತು 2013ರ ಆಳಕ್ಕೆ ಮತ್ತೆ ಜಾರಲಿಲ್ಲ. ಮಣ್ಣಿನ ಬಯಲಿಗೂ ಕೃತಕ ಹಾಸಿಗೂ ನಡುವಿನ ಅಂತರವನ್ನು ಕ್ರೀಡಾ ವಸತಿ ಶಾಲೆಗಳೂ ಅಕಾಡೆಮಿಗಳೂ ಅಷ್ಟರಮಟ್ಟಿಗೆ ಕಿರಿದುಗೊಳಿಸಿದ್ದವು. ಕೊಡಗಿನಲ್ಲಿಯೂ ಕೂಡಿಗೆ, ಪೊನ್ನಂಪೇಟೆಗಳಂಥ ಊರುಗಳಿಗೆ ಹೊಸ ನೆಲ ಬಂದದ್ದು ಈ ಬದಲಾವಣೆಯ ಅಂಗವಾಗಿಯೇ.

ಆದರೆ ನೆಲವೊಂದೇ ಆಟವನ್ನು ಉಳಿಸಲಾರದು. ಸೋತ ಮೇಲೆಯೂ ಹುಡುಗರು ಆಡಲು ಬರಬೇಕಾದರೆ ಅವರ ಸುತ್ತ ಒಂದು ಸಮಾಜ ನಿಂತಿರಬೇಕು ಎಂಬುದಕ್ಕೆ ಕೊಡಗಿನ ಹಾಕಿ ನಮ್ಮೆ, ಅಂದರೆ ಕೌಟುಂಬಿಕ ಹಾಕಿ ಹಬ್ಬ, ಅತ್ಯುತ್ತಮ ನಿದರ್ಶನ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪನವರು ತಮ್ಮ ಸಹೋದರನೊಡನೆ 1997ರಲ್ಲಿ ವಿರಾಜಪೇಟೆ ಸಮೀಪದ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದಾಗ ಅರವತ್ತು ಒಕ್ಕಗಳು ಸೇರಿದ್ದವು. ಪ್ರತಿವರ್ಷ ಒಂದೊಂದು ಮನೆತನ ಆತಿಥ್ಯದ ಹೊಣೆ ಹೊತ್ತು, ಕಪ್‌ಗೆ ಆ ಮನೆತನದ ಹೆಸರೇ ನಿಲ್ಲುವ ಈ ಹಬ್ಬದಲ್ಲಿ, ಒಂದೇ ತಂಡದಲ್ಲಿ ಶಾಲೆಯ ಮಕ್ಕಳು, ಹೆಣ್ಣುಮಕ್ಕಳು, ಅಜ್ಜಂದಿರು ಕೂಡಿ ಆಡುತ್ತಾರೆ. 2018ರ ಮಳೆಗಾಲದ ಭೂಕುಸಿತ ಮತ್ತು ಕೋವಿಡ್ ಕಾರಣ ಕೆಲವು ವರ್ಷ ನಿಂತಿದ್ದ ಹಬ್ಬ 2023ರಲ್ಲಿ ಪುನಃ ಆರಂಭವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಒಕ್ಕಗಳ ತಂಡಗಳು ಭಾಗವಹಿಸಿದವು.

ಇದು ನಾಕೌಟ್ ಮಾದರಿಯ ಸ್ಪರ್ಧೆ, ಅಂದರೆ ಒಮ್ಮೆ ಸೋತ ತಂಡ ಆ ವರ್ಷದ ಮಟ್ಟಿಗೆ ಹೊರಗೆ. ಹಾಗಾಗಿ 360 ತಂಡಗಳಲ್ಲಿ 359 ಸೋಲುಂಡೇ ಮನೆಗೆ ಮರಳುತ್ತವೆ, ಮತ್ತು ಹಲವು ಸಣ್ಣ ಒಕ್ಕಗಳಿಗೆ ವರ್ಷದ ಮೊದಲ ಪಂದ್ಯವೇ ಕೊನೆಯದೂ ಆಗುತ್ತದೆ. ಹೀಗಿದ್ದೂ ಅರವತ್ತು ತಂಡಗಳು ಮುನ್ನೂರ ಅರವತ್ತಕ್ಕೆ ಏರಿದ್ದು, ಭಾಗವಹಿಸುವುದೇ ಮನೆತನದ ಗೌರವವೆಂಬ ಭಾವನೆಯನ್ನು ಈ ಪದ್ಧತಿ ಬೆಳೆಸಿದ್ದರಿಂದ. ಮೊದಲ ಸುತ್ತಿನಲ್ಲಿಯೇ ಸೋತ ಹುಡುಗನೂ ಮುಂದಿನ ಬೇಸಿಗೆಯಲ್ಲಿ ತನ್ನ ಅಣ್ಣ, ಚಿಕ್ಕಪ್ಪಂದಿರೊಡನೆ ಮತ್ತೆ ಕೋಲು ಹಿಡಿಯುವ ಈ ವ್ಯವಸ್ಥೆಗೆ ಸಮನಾದದ್ದನ್ನು ಯಾವ ಅಕಾಡೆಮಿಯೂ ಹಣ ಕೊಟ್ಟು ಕಟ್ಟಲಾರದು.

ಆಟದ ನೆಲ ಕಲಿಸುವ ಪಾಠ ಮಂಜುಗಡ್ಡೆಯ ಮೇಲಿನ ಹಾಕಿಯಲ್ಲಿಯೂ ಕಾಣುತ್ತದೆ. ಕಾಲಿಗೆ ಲೋಹದ ಅಲಗಿನ ಪಾದರಕ್ಷೆ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆಯನ್ನು ಹೊಡೆಯುವ ಈ ಆಟವನ್ನು ಭಾರತದಲ್ಲಿ ಪ್ರಮುಖವಾಗಿ ಪೋಷಿಸಿದವರು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮೇಲೆ ಅಭ್ಯಾಸ ಮಾಡುವ ಲಡಾಖಿನ ಜನ. 2016ರಲ್ಲಿ ತೈಪೆಯಲ್ಲಿ ನಡೆದ ಏಷ್ಯಾ ಚಾಲೆಂಜ್ ಕಪ್‌ನಲ್ಲಿ ಎಲ್ಲ ಪಂದ್ಯಗಳನ್ನೂ ಸೋತ ಭಾರತದ ಮಹಿಳಾ ತಂಡ, 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಮಣಿಸಿ ಮೊದಲ ಗೆಲುವು ಕಂಡಿತು. ವರ್ಷದ ಕೆಲವೇ ವಾರ ಅಭ್ಯಾಸದ ನೆಲ ಸಿಗುವ ಆಟಗಾರ್ತಿಯರು ಹನ್ನೆರಡೂ ತಿಂಗಳು ಒಳಾಂಗಣ ಅಂಗಳವಿರುವ ತಂಡಗಳನ್ನು ಎದುರಿಸಬೇಕಾದ ಸ್ಥಿತಿ, ಮಣ್ಣಿನ ಬಯಲಿನಿಂದ ಕೃತಕ ಹಾಸಿಗೆ ಬಂದ ಹುಡುಗರ ಸ್ಥಿತಿಗಿಂತ ಭಿನ್ನವಾದುದಲ್ಲ.

ಹಾಕಿಯ ಪರಂಪರೆಯಿಂದ ದೂರವಿರುವ ಕೊಪ್ಪಳ ಸೀಮೆಗೂ ಈ ಇತಿಹಾಸ ನೇರವಾಗಿ ಸಂಬಂಧಿಸುತ್ತದೆ. ಕರಡದಲ್ಲಿ ಹಾಕಿ ಹಬ್ಬ ಆರಂಭವಾದ 1997ರಲ್ಲಿಯೇ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ಹುಲಿಹೈದರ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಸುತ್ತಿನ ಹಳ್ಳಿಗಳಲ್ಲಿ ಆಟವೆಂದರೆ ಜಾತ್ರೆಯ ಕುಸ್ತಿ, ಶಾಲೆಯಂಗಳದ ಕಬಡ್ಡಿ ಮತ್ತು ಖೋ ಖೋ. ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಪಟ್ಟು ಕಲಿತ ಪೈಲ್ವಾನನು ದೊಡ್ಡ ಸ್ಪರ್ಧೆಯಲ್ಲಿ ಮ್ಯಾಟ್ ಎಂಬ ಮೆತ್ತನೆಯ ಕೃತಕ ಹಾಸಿನ ಮೇಲೆ, ಸಮಯ ಮತ್ತು ಅಂಕಗಳ ಬೇರೆಯೇ ಲೆಕ್ಕದಲ್ಲಿ ಸೆಣಸಬೇಕು. ಮಣ್ಣಿನಲ್ಲಿ ಆಡಿದ ಕಬಡ್ಡಿ ಹುಡುಗಿಯೂ ಅದೇ ಮ್ಯಾಟಿನ ಮೇಲೆ ಕಾಲೂರಲು ಕಲಿಯಬೇಕು. ಹೀಗೆ ಹೋದ ಮಕ್ಕಳು ಮೊದಲ ಸುತ್ತಿನಲ್ಲಿ ಸೋತು ಬಂದಾಗ ಅವರಲ್ಲಿ ಕಸುವಿಲ್ಲವೆಂದು ತೀರ್ಮಾನಿಸುವುದು, 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಸೋತ ವಿಶ್ವಚಾಂಪಿಯನ್ನರಿಗೆ ಹಾಕಿ ಬಾರದು ಎಂದು ತೀರ್ಮಾನಿಸಿದಷ್ಟೇ ಅನ್ಯಾಯ.

ಕಿರಿಯರ ಸೋಲಿನ ಸಾಲನ್ನು ಮುರಿದದ್ದು ಎರಡು ಸಂಗತಿಗಳು ಎಂಬುದು ಈ ಅರ್ಧ ಶತಮಾನದ ದಾಖಲೆಯಿಂದ ಖಚಿತವಾಗುತ್ತದೆ: ಸ್ಪರ್ಧೆ ನಡೆಯುವ ನೆಲವನ್ನು ಮಕ್ಕಳು ಕಲಿಯುವ ವಯಸ್ಸಿನಲ್ಲಿಯೇ ಅವರ ಊರಿನ ಹತ್ತಿರಕ್ಕೆ ತಂದದ್ದು ಒಂದು, ಸೋತವರನ್ನು ಆಟದಿಂದ ಹೊರಗೆ ಹಾಕದೆ ಉಳಿಸಿಕೊಂಡದ್ದು ಮತ್ತೊಂದು. ಮೊದಲನೆಯದು ಸರ್ಕಾರ ಮತ್ತು ಕ್ರೀಡಾ ಸಂಸ್ಥೆಗಳ ಹೊಣೆಯಾದ್ದರಿಂದ, ತಾಲ್ಲೂಕು ಮಟ್ಟದ ಶಾಲೆಗೊಂದು ಮ್ಯಾಟ್ ಅಥವಾ ಜಿಲ್ಲೆಗೊಂದು ಹಾಸನ್ನು ಒದಗಿಸುವುದನ್ನು ಕೃಪೆಯೆಂದಲ್ಲ, ಕರ್ತವ್ಯವೆಂದು ಎಣಿಸಬೇಕು. ಎರಡನೆಯದು ಊರಿನ ಮತ್ತು ಮನೆತನಗಳ ಹೊಣೆಯಾಗಿದ್ದು, ಅದನ್ನು ಹೊರಲು ಸರ್ಕಾರದ ಆದೇಶ ಬೇಕಿಲ್ಲವೆಂಬುದನ್ನು ಕೊಡಗಿನ ಒಕ್ಕಗಳು ತಮ್ಮ ಖರ್ಚಿನಲ್ಲಿಯೇ ತೋರಿಸಿಕೊಟ್ಟಿವೆ.