ಸ್ಯಾನ್ ಫ್ರಾನ್ಸಿಸ್ಕೊ: ಗಾಯಗಳ ಲೆಕ್ಕ ಬರೆದ ನಕ್ಷೆ

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಯಾವ ಬೀದಿ ದಾಟುವುದು ಕಷ್ಟ, ಯಾವುದು ಸುಲಭ ಎಂಬುದು ಮೋಟಾರು ಕಾರು ಹುಟ್ಟುವ ಮೊದಲೇ ಅರ್ಧದಷ್ಟು ತೀರ್ಮಾನವಾಗಿತ್ತು. 1847ರಲ್ಲಿ ಊರನ್ನು ಅಳೆದ ಸರ್ವೇಯರ್ ಜಾಸ್ಪರ್ ಒಫ್ಯಾರಲ್ ಮಾರ್ಕೆಟ್ ಸ್ಟ್ರೀಟನ್ನು ಓರೆಯಾಗಿ ಎಳೆದು, ಅದರ ಉತ್ತರಕ್ಕೆ ಚಿಕ್ಕ ಚೌಕಗಳನ್ನೂ ದಕ್ಷಿಣಕ್ಕೆ ಅವುಗಳ ನಾಲ್ಕರಷ್ಟು ದೊಡ್ಡ ಚೌಕಗಳನ್ನೂ ಗುರುತಿಸಿದ. ದಕ್ಷಿಣದ ಮುಖ್ಯ ಬೀದಿಗಳಿಗೆ 82.5 ಅಡಿ ಅಗಲ ಬಂತು. ಚೌಕದ ಉದ್ದನೆಯ ಬದಿ 825 ಅಡಿ, ಅಂದರೆ ಒಂದು ಮೂಲೆಯಿಂದ ಮುಂದಿನ ಮೂಲೆಗೆ ಕಾಲು ಕಿಲೋಮೀಟರು. ಸೌತ್ ಆಫ್ ಮಾರ್ಕೆಟ್ ಎಂದು ಕರೆಸಿಕೊಂಡ ಈ ಭಾಗದಲ್ಲಿ ಕಾರ್ಖಾನೆಗಳು, ಉಗ್ರಾಣಗಳು, ಕೂಲಿಕಾರರ ವಸತಿಗೃಹಗಳು ಎದ್ದವು.

1936ರಲ್ಲಿ ಬೇ ಸೇತುವೆ ತೆರೆಯಿತು. ಎರಡನೆಯ ಮಹಾಯುದ್ಧದ ನಂತರ ಉಪನಗರಗಳಿಂದ ಕಾರಿನಲ್ಲಿ ಕೆಲಸಕ್ಕೆ ಬರುವವರು ಹೆಚ್ಚಿದಾಗ, ನಗರದ ನಡುಭಾಗಕ್ಕೆ ಹೊಂದಿಕೊಂಡ ಬೀದಿಗಳು ಅವರ ದಾರಿಯಾದವು. ಸೌತ್ ಆಫ್ ಮಾರ್ಕೆಟ್ ಮತ್ತು ಮಾರ್ಕೆಟ್ ಸ್ಟ್ರೀಟಿನ ಉತ್ತರಕ್ಕಿರುವ ಟೆಂಡರ್‌ಲಾಯ್ನ್ ಬಡಾವಣೆಯ ಹಲವು ಬೀದಿಗಳನ್ನು ಮೂರು ನಾಲ್ಕು ಸಾಲಿನ ಏಕಮುಖ ರಸ್ತೆಗಳನ್ನಾಗಿ ಮಾಡಲಾಯಿತು. ಟೆಂಡರ್‌ಲಾಯ್ನ್‌ನಲ್ಲಿ ವಾಸವಾಗಿದ್ದವರಲ್ಲಿ ಒಂಟಿ ಕೋಣೆಗಳ ಹೋಟೆಲುಗಳಲ್ಲಿ ದಿನ ಕಳೆಯುವ ಮುದುಕರು, ಅಂಗವಿಕಲರು ಹೆಚ್ಚು. 1970ರ ದಶಕದ ನಂತರ ವಿಯೆಟ್ನಾಂ, ಕಾಂಬೋಡಿಯಾಗಳಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳೂ ಅಲ್ಲಿ ನೆಲೆಸಿದವು. ಸ್ವಂತ ಕಾರಿದ್ದವರು ತೀರ ಕಡಿಮೆ. ರಸ್ತೆಯಲ್ಲಿ ವೇಗವಾಗಿ ಸಾಗುವವರು ಒಬ್ಬರು, ಅದೇ ರಸ್ತೆಯನ್ನು ದಾಟಿ ಬದುಕುವವರು ಇನ್ನೊಬ್ಬರು. 1959ರಲ್ಲಿ ನಾಗರಿಕರ ಪ್ರತಿಭಟನೆಗೆ ಮಣಿದ ನಗರಸಭೆ ಯೋಜಿತ ಹತ್ತು ಫ್ರೀವೇಗಳಲ್ಲಿ ಏಳನ್ನು ಕೈಬಿಟ್ಟಿತು. ಸಂಘಟಿತರಾಗಿ ದನಿಯೆತ್ತಬಲ್ಲ ವಸತಿ ಬಡಾವಣೆಗಳು ಉಳಿದವು. ದಕ್ಷಿಣದಲ್ಲಿ ಅಷ್ಟರಲ್ಲೇ ಕಟ್ಟಿದ್ದ ಫ್ರೀವೇಯಿಂದ ಇಳಿಯುವ ವಾಹನಗಳು ನೇರವಾಗಿ ಬಡವರ ಬೀದಿಗಳಿಗೆ ನುಗ್ಗುತ್ತಲೇ ಇದ್ದವು.

ಈ ಹೊರೆ ಬಹುಕಾಲ ದಾಖಲೆಗಳಲ್ಲಿ ಸ್ಪಷ್ಟವಾಗಿ ಮೂಡಲಿಲ್ಲ. ಅಪಘಾತದ ಲೆಕ್ಕಕ್ಕೆ ಇದ್ದ ಆಧಾರ ಪೊಲೀಸ್ ವರದಿಯೊಂದೇ. ಗಾಯ ಎಷ್ಟು ತೀವ್ರ ಎಂಬುದನ್ನು ಸ್ಥಳದಲ್ಲಿದ್ದ ಪೊಲೀಸರು ಕಣ್ಣಂದಾಜಿನಲ್ಲೇ ಬರೆಯುತ್ತಿದ್ದರು. ಒಳಗೆ ರಕ್ತಸ್ರಾವವಾಗಿ ಸಂಜೆಯ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಮೇಜಿಗೇರಿದ ಮನುಷ್ಯ, ವರದಿಯಲ್ಲಿ ‘ನೋವು ಎನ್ನುತ್ತಾನೆ’ ಎಂಬ ಸಾಲಿನಲ್ಲೇ ಉಳಿದುಹೋಗಬಹುದಿತ್ತು. ವರದಿಯೇ ಆಗದ ಪ್ರಕರಣಗಳೂ ಇದ್ದವು. ದೂರು ಬಂದ ಕಡೆ ಮೊದಲು ದುರಸ್ತಿ ಎಂಬ ರೂಢಿಯೂ ನ್ಯಾಯಯುತವೆಂದು ತೋರುತ್ತದೆ, ಆದರೆ ದೂರು ಕೊಡಲು ಭಾಷೆ ಬೇಕು, ಬಿಡುವು ಬೇಕು, ಕೊಟ್ಟರೆ ಕೇಳುತ್ತಾರೆಂಬ ನಂಬಿಕೆ ಬೇಕು. ಎರಡು ಪಾಳಿ ದುಡಿಯುವವರಿಗೆ ಈ ಮೂರೂ ದುಬಾರಿ.

ತಿರುವು ಬಂದದ್ದು ಆಸ್ಪತ್ರೆಯ ಕಡೆಯಿಂದ. ನಗರದಲ್ಲಿ ಅತಿ ಗಂಭೀರ ಗಾಯಗಳಿಗೆ ಚಿಕಿತ್ಸೆ ನೀಡುವ ಉನ್ನತ ದರ್ಜೆಯ ಟ್ರಾಮಾ ಕೇಂದ್ರ ಸಾರ್ವಜನಿಕ ಜನರಲ್ ಆಸ್ಪತ್ರೆ ಒಂದೇ. ಹೀಗಾಗಿ ಅದರ ದಾಖಲೆಗಳು ಇಡೀ ಊರಿನ ಗಾಯಗಳ ದಫ್ತರದಂತಿದ್ದವು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದಾಖಲೆಗಳನ್ನು ಪೊಲೀಸ್ ವರದಿಗಳೊಂದಿಗೆ ತಾಳೆ ನೋಡಿತು. ಗಾಯಗೊಂಡ ಪಾದಚಾರಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಪೊಲೀಸ್ ಲೆಕ್ಕದಲ್ಲಿ ಇರಲೇ ಇಲ್ಲ. ಕಪ್ಪು ಜನಾಂಗದವರ ವಿಷಯದಲ್ಲಿ ವರದಿ ದಾಖಲಾಗುವ ಸಾಧ್ಯತೆ ಬಿಳಿಯರಿಗಿಂತ ಕಡಿಮೆ ಎಂಬುದೂ ಹೊರಬಿತ್ತು. ಅಂಕಿಅಂಶ ಬೇಕೆಂದು ಕೇಳುವ ಯಾವ ನಗರವೂ ಮರೆಯಬಾರದ ಫಲಿತಾಂಶ ಇದು. ಹೆಚ್ಚು ಪೆಟ್ಟು ತಿಂದವರೇ ಲೆಕ್ಕದಿಂದ ಜಾರಿಹೋದರೆ, ಆ ಲೆಕ್ಕದ ಮೇಲೆ ಹಂಚಿದ ಹಣವೂ ಅವರನ್ನು ಬಿಟ್ಟೇ ಸಾಗುತ್ತದೆ.

2010ರ ಕೊನೆಯಲ್ಲಿ ಮೇಯರ್ ಗ್ಯಾವಿನ್ ನ್ಯೂಸಮ್ ಹೊರಡಿಸಿದ ಆದೇಶ ಪಾದಚಾರಿಗಳ ಸಾವು ಮತ್ತು ತೀವ್ರ ಗಾಯಗಳನ್ನು 2021ರ ವೇಳೆಗೆ ಅರ್ಧಕ್ಕೆ ಇಳಿಸುವ ಗುರಿ ಹಾಕಿತು. ಗಾಯಗಳ ಪ್ರಮಾಣದಲ್ಲಿ ಬಡಾವಣೆಗಳ ನಡುವಿನ ಅಂತರವನ್ನು ತಗ್ಗಿಸಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸಲಾಗಿತ್ತು. ಬಳಿಕ ನಡೆದ ‘ವಾಕ್‌ಫಸ್ಟ್’ ಸಮೀಕ್ಷೆಯಲ್ಲಿ ನಗರದ ಕೇವಲ 6% ರಸ್ತೆ ಉದ್ದದಲ್ಲಿ ಪಾದಚಾರಿಗಳ ಸಾವು ಮತ್ತು ತೀವ್ರ ಗಾಯಗಳ 60% ಸಂಭವಿಸುತ್ತಿರುವುದು ಕಂಡಿತು. 2014ರಲ್ಲಿ ನಗರ, ಸ್ವೀಡನ್ ಸಂಸತ್ತು 1997ರಲ್ಲಿ ಒಪ್ಪಿದ್ದ ‘ವಿಷನ್ ಝೀರೊ’ ನೀತಿಯನ್ನು ತನ್ನದಾಗಿಸಿಕೊಂಡು, ಹತ್ತು ವರ್ಷಗಳಲ್ಲಿ ರಸ್ತೆ ಸಾವನ್ನು ಸೊನ್ನೆಗೆ ತರುವುದಾಗಿ ಘೋಷಿಸಿತು.

ಸಾರ್ವಜನಿಕ ಆರೋಗ್ಯ ಇಲಾಖೆ ಆಗ ಪೊಲೀಸ್ ಮತ್ತು ಆಸ್ಪತ್ರೆ ದಾಖಲೆಗಳನ್ನು ಒಂದುಗೂಡಿಸಿ ‘ಹೈ ಇಂಜುರಿ ನೆಟ್‌ವರ್ಕ್’, ಅಂದರೆ ಹೆಚ್ಚು ಗಾಯಗಳಾಗುವ ಬೀದಿಗಳ ಜಾಲ, ಎಂಬ ನಕ್ಷೆ ಸಿದ್ಧಪಡಿಸಿತು. ಗಾಯದ ತೀವ್ರತೆಯನ್ನು ಹೇಳುವ ಅಧಿಕಾರ ಇಲ್ಲಿ ವೈದ್ಯರ ದಾಖಲೆಗೆ ಸಿಕ್ಕಿತು. ಬಂಪರ್ ತಾಗಿದ ಘಟನೆಗಳ ಎಣಿಕೆ ಹಿಂದೆ ಸರಿದು ಸಾವು ಮತ್ತು ಆಸ್ಪತ್ರೆವಾಸದ ಎಣಿಕೆ ಮುಂದೆ ಬಂತು. 2017ರ ನಕ್ಷೆಯ ಪ್ರಕಾರ 13% ರಸ್ತೆಗಳಲ್ಲಿ 75% ತೀವ್ರ ಗಾಯ ಮತ್ತು ಸಾವುಗಳು ಆಗುತ್ತಿದ್ದವು. ಇದರ ಮೇಲೆ ಇನ್ನೊಂದು ನಕ್ಷೆಯನ್ನು ಹರಡಲಾಯಿತು. ಕಡಿಮೆ ಆದಾಯದವರು, ಬಿಳಿಯರಲ್ಲದವರು, ವೃದ್ಧರು, ಅಂಗವಿಕಲರು, ಕಾರಿಲ್ಲದವರು, ಇಂಗ್ಲಿಷ್ ಬಾರದವರು ಒತ್ತಾಗಿ ವಾಸಿಸುವ ಪ್ರದೇಶಗಳ ನಕ್ಷೆ ಅದು. ನಗರದ ರಸ್ತೆಗಳಲ್ಲಿ 31% ಮಾತ್ರ ಆ ಪ್ರದೇಶಗಳಲ್ಲಿದ್ದರೂ ಅಪಾಯದ ಜಾಲದ ಸುಮಾರು ಅರ್ಧ ಅಲ್ಲೇ ಬಿದ್ದಿತು. ಟೆಂಡರ್‌ಲಾಯ್ನ್‌ನ ಬೀದಿಗಳೆಲ್ಲ ಈ ಜಾಲದೊಳಗೆ ಸೇರಿದವು.

ನಕ್ಷೆಯಿಂದ ಕಾಮಗಾರಿಗಳ ಸರದಿ ಬದಲಾಯಿತು. ಪಾದಚಾರಿಗೆ ಕೆಲವು ಸೆಕೆಂಡು ಮುಂಚೆ ಹಸಿರು ತೋರುವ ಸಿಗ್ನಲ್‌ಗಳು, ಮೂಲೆಯಲ್ಲಿ ಕಾರು ನಿಲ್ಲಿಸದಂತೆ ಬಳಿದ ಬಣ್ಣ ಮೊದಲಾದ ಕಡಿಮೆ ವೆಚ್ಚದ ಕೆಲಸಗಳು ಈ ಬೀದಿಗಳಲ್ಲಿ ಮೊದಲು ನಡೆದವು. 2021ರಲ್ಲಿ ಟೆಂಡರ್‌ಲಾಯ್ನ್‌ನ ವೇಗಮಿತಿಯನ್ನು ಗಂಟೆಗೆ 20 ಮೈಲಿಗೆ ಇಳಿಸಿ, ಐವತ್ತಕ್ಕೂ ಹೆಚ್ಚು ಕೂಡುರಸ್ತೆಗಳಲ್ಲಿ ಕೆಂಪು ದೀಪವಿದ್ದಾಗ ಬಲಕ್ಕೆ ತಿರುಗುವುದನ್ನು ನಿಷೇಧಿಸಲಾಯಿತು.

ಸಮಾನತೆಯ ಪ್ರಶ್ನೆ ಕಠಿಣವಾದದ್ದು ಪೊಲೀಸ್ ಕ್ರಮದ ವಿಷಯದಲ್ಲಿ. ವೇಗ, ಸಿಗ್ನಲ್ ಜಿಗಿತದಂಥ ಐದು ತಪ್ಪುಗಳ ಮೇಲೆ ಗಮನವಿಡುವ ಕಾರ್ಯಕ್ರಮ 2014ರಲ್ಲೇ ಆರಂಭವಾಗಿತ್ತು. ಆದರೆ ಸಣ್ಣಪುಟ್ಟ ನೆಪಕ್ಕೆ ಕಪ್ಪು ಜನಾಂಗದ ಚಾಲಕರನ್ನೇ ಹೆಚ್ಚಾಗಿ ತಡೆಯಲಾಗುತ್ತಿದೆ ಎಂಬ ಆಕ್ಷೇಪಕ್ಕೆ ಬಲವಾದ ಆಧಾರವಿತ್ತು; 2023ರ ಆರಂಭದಲ್ಲಿ ನಗರದ ಪೊಲೀಸ್ ಆಯೋಗ ಅಂಥ ತಪಾಸಣೆಗಳಿಗೆ ಮಿತಿ ಹಾಕಿತು. ಬಡ ಬೀದಿಯನ್ನು ರಕ್ಷಿಸುವ ಹೆಸರಿನಲ್ಲಿ ಬಡವರನ್ನೇ ದಂಡಿಸುವುದು ಸುರಕ್ಷತೆ ಎನಿಸುವುದಿಲ್ಲ. ಹಾಗೆಂದು ವೇಗವನ್ನು ಯಾರೂ ತಡೆಯದಿದ್ದರೆ ಸಾಯುವವರೂ ಅದೇ ಬೀದಿಯವರೇ.

2017ರಲ್ಲಿ 20ಕ್ಕೆ ಇಳಿದಿದ್ದ ವರ್ಷದ ಸಾವು, ಗುರಿಯ ವರ್ಷವಾದ 2024ರಲ್ಲಿ 40 ದಾಟಿತು. ನಕ್ಷೆ ಸರಿಯಾದ ಜಾಗವನ್ನೇ ತೋರಿಸಿತ್ತು. ಅಗಲ ರಸ್ತೆಗಳನ್ನು ಬದಲಿಸುವ ಕೆಲಸ ಅದೇ ವೇಗದಲ್ಲಿ ಸಾಗಲಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಆರು ನಗರಗಳಿಗೆ ವೇಗ ಪತ್ತೆ ಕ್ಯಾಮೆರಾ ಹಾಕಲು ಅನುಮತಿ ನೀಡಿದಾಗ ಪೊಲೀಸ್ ಕ್ರಮದ ಬಗ್ಗೆ ಎದ್ದಿದ್ದ ವಾದಗಳು ಕಾಯ್ದೆಯೊಳಗೆ ಸೇರಿಕೊಂಡವು. ಕ್ಯಾಮೆರಾಗಳು ಬಡ ಬಡಾವಣೆಗಳಲ್ಲೇ ಗುಂಪಾಗದೆ ಎಲ್ಲ ಸ್ತರದ ಪ್ರದೇಶಗಳಲ್ಲಿ ಹಂಚಿಕೆಯಾಗಬೇಕು, ದಂಡ ವಾಹನದ ಮಾಲೀಕರಿಗೆ ಬೀಳಬೇಕು, ಕಡಿಮೆ ಆದಾಯದವರಿಗೆ ಅದರಲ್ಲಿ ರಿಯಾಯಿತಿ ಇರಬೇಕು ಎಂಬ ಷರತ್ತುಗಳು ಬಂದವು. ಮಿತಿಗಿಂತ 11 ಮೈಲಿ ಹೆಚ್ಚಿನ ವೇಗಕ್ಕೆ ದಂಡ 50 ಡಾಲರಿನಿಂದ ಆರಂಭ. ಆರು ನಗರಗಳಲ್ಲಿ ಇವುಗಳನ್ನು ಮೊದಲು ಚಾಲೂ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೊ. 2025ರ ಮಾರ್ಚ್‌ನಿಂದ ಅಲ್ಲಿಗೆ ನಿಗದಿಯಾಗಿದ್ದ 33 ಕಡೆಗಳಲ್ಲಿ ಕ್ಯಾಮೆರಾಗಳು ಹಂತಹಂತವಾಗಿ ಕೆಲಸಕ್ಕೆ ತೊಡಗಿದವು.